ಥ ಒಳಗಿನ ಚುಕ್ಕೆ

ಹೋದ ಸಲ ನಮ್ಮ ರೇಡಿಯಂ ಸ್ಟಿಕರ್ ಅಂಗಡಿ ಬಗ್ಗೆ ಬರೆದ ಮೇಲೆ ಕೆಲವು ಅಕ್ಕತಂಗಿಯರು ಕೇಳಿದ್ದೀರಿ, ಮನೆಯಲ್ಲೇ ಈ ಕೆಲಸ ಶುರು ಮಾಡೋಕೆ ಏನೇನು ಬೇಕು ಅಂತ. ಎಲ್ಲರ ಪ್ರಶ್ನೆಯೂ ಮೆಷಿನ್ನಿನದ್ದೇ. ಕೈಯಲ್ಲಿ ಹಿಡಿಯೋ ಸಣ್ಣ ಸಾಮಾನುಗಳನ್ನ ಯಾರೂ ಕೇಳಲಿಲ್ಲ. ನನ್ನ ಮಾನ ಹೋಗಿದ್ದು ಅವುಗಳಿಂದಲೇ ನೋಡಿ.

ನಮ್ಮನೆಯವರು ಮೊದಲು ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಆ ಕೆಲಸ ಕಮ್ಮಿಯಾದಾಗ ಸಾಲ ಮಾಡಿ ಕಟಿಂಗ್ ಮೆಷಿನ್ ತಂದೆವು. ಅಂಟಿಸೋ ಕೆಲಸ ನನ್ನದು. ಸ್ಕ್ವೀಜಿಗೆ ಯಾಕೆ ದುಡ್ಡು ಅಂತ ಹಳೇ ಎಟಿಎಂ ಕಾರ್ಡಿನಲ್ಲೇ ಒತ್ತುತ್ತಿದ್ದೆ. ಒಂದು ದಿನ ಆಟೋದವರೊಬ್ಬರು ಗಾಜಿಗೆ 'ಶ್ರೀ ಮಂಜುನಾಥ' ಹಾಕಿಸಿಕೊಂಡು ಹೋದವರು ಅರ್ಧ ಗಂಟೆಯಲ್ಲಿ ವಾಪಸ್ ಬಂದರು.

"ಅಕ್ಕಾ, ದೇವರ ಹೆಸರೇ ತಪ್ಪಾಗಿದೆಯಲ್ಲ!"

ಥ ಒಳಗಿನ ಚುಕ್ಕೆ ಇಲ್ಲ, ಮಂಜುನಾಧ ಆಗಿದೆ! ಚುಕ್ಕೆ ಕಸದಬುಟ್ಟಿಯಲ್ಲಿ, ಹಿಂದಿನ ಕಾಗದಕ್ಕೇ ಅಂಟಿಕೊಂಡು ಕೂತಿತ್ತು. ನಮ್ಮನೆಯವರು ಬೈಯಲಿಲ್ಲ. "ಬ್ರಷ್ ಆಗಿದ್ದರೆ ಚುಕ್ಕೆ ಬಿಟ್ಟುಹೋಗ್ತಿರಲಿಲ್ಲ" ಅಂದರು ಅಷ್ಟೆ. ಬೈದಿದ್ದರೇ ವಾಸಿ ಅನ್ನಿಸಿತು.

ಕನ್ನಡದಲ್ಲಿ ಒತ್ತು, ಸೊನ್ನೆ, ಚುಕ್ಕೆ ಎಲ್ಲ ಬಿಡಿ ತುಂಡುಗಳು. ಅವನ್ನ ಒಟ್ಟಿಗೆ ಎತ್ತಿ ಗಾಜಿಗೆ ಒಯ್ಯೋದು ಟ್ರಾನ್ಸ್‌ಫರ್ ಟೇಪ್. ಅದು ಪ್ರತಿ ತುಂಡನ್ನೂ ಹಿಡಿಯಬೇಕಾದರೆ ಒತ್ತಡ ಸಮವಾಗಿ ಬೀಳಬೇಕು. ಉಬ್ಬಿದ ನಂಬರಿನ, ಅಂಚು ಸವೆದ ಕಾರ್ಡು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ತೇಲುತ್ತದೆ. ಆದ್ದರಿಂದ ಮೊದಲು ನೇರ ಅಂಚಿನ ಪ್ಲಾಸ್ಟಿಕ್ ಸ್ಕ್ವೀಜಿ ತಗೊಳ್ಳಿ. ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ನಡುವಿನಿಂದ ಹೊರಕ್ಕೆ ಎಳೀರಿ. ಪ್ರತಿ ಎಳೆತವೂ ಹಿಂದಿನದರ ಮೇಲೆ ಸ್ವಲ್ಪ ಹಾಯಬೇಕು. ಆಮೇಲೆ ತಿರುಗಿಸಿ ಕಾಗದದ ಕಡೆಯಿಂದಲೂ ಒತ್ತಿ. ಕಾಗದ ಬಿಡಿಸುವಾಗ ಮೇಲಕ್ಕೆ ಜಗ್ಗಬೇಡಿ, ಹಿಂದಕ್ಕೆ ಮಡಚಿಕೊಂಡು ನಿಧಾನಕ್ಕೆ ಎಳೀರಿ. ಚುಕ್ಕೆ ಕಾಗದದಲ್ಲೇ ಉಳಿಯಿತಾ, ಕಾಗದ ವಾಪಸ್ ಹಾಕಿ ಇನ್ನೊಮ್ಮೆ ಉಜ್ಜಿ. ಟೇಪ್ ಇಲ್ಲದೆ ಪ್ರಿಂಟ್ ಮಾಡಿದ ಸ್ಟಿಕರ್ ಮೇಲೆ ನೇರವಾಗಿ ಉಜ್ಜೋದಾದರೆ ಅಂಚಿಗೆ ಫೆಲ್ಟ್ ಬಟ್ಟೆ ಇರೋ ಸ್ಕ್ವೀಜಿಯೇ ಬೇಕು, ಇಲ್ಲದಿದ್ದರೆ ಗೀರು ಬೀಳುತ್ತೆ.

ಅಕ್ಷರದ ಒಳಗಿನ ಬೇಡದ ತುಂಡು ತೆಗೆಯೋಕೆ ಚೂಪು ಮೊನೆಯ ಚಿಮುಟ ಬೇಕು. ಹುಬ್ಬು ಕೀಳೋ ಪ್ಲಕರ್ ಸಾಕು ಅಂದುಕೊಂಡಿದ್ದೆ. ಅದರ ಮೂತಿ ಅಗಲ, ಬೇಡದ್ದರ ಜೊತೆ ಬೇಕಾದ್ದೂ ಬರುತ್ತೆ. ಕಟ್ಟರ್ ಬ್ಲೇಡಿನ ತುದಿ ಮೊಂಡಾದ ಕೂಡಲೇ ಮುರಿದು ಹೊಸ ತುದಿ ತಗೊಳ್ಳಿ. ಅದರಲ್ಲಿ ಮಾತ್ರ ನನ್ನ ಹಾಗೆ ಜಿಪುಣತನ ಬೇಡ.

ದೊಡ್ಡ ಸ್ಟಿಕರಿಗೆ ನೀರಲ್ಲಿ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಗಾಜಿಗೆ ಸ್ಪ್ರೇ ಮಾಡಿದರೆ ಜರುಗಿಸಿ ಕೂರಿಸಬಹುದು. ಸಣ್ಣ ಅಕ್ಷರಕ್ಕೆ ನಾನು ನೀರು ಹಾಕಲ್ಲ. ಅಂಟು ಹಿಡಿಯೋದು ತಡವಾಗಿ, ಟೇಪ್ ತೆಗೆಯುವಾಗ ಚುಕ್ಕೆಯೂ ಎದ್ದು ಬರುತ್ತೆ. ಗುಳ್ಳೆ ಉಳಿದರೆ ಅದರ ಅಂಚಿಗೆ ಸೂಜಿ ಚುಚ್ಚಿ, ಗಾಳಿಯನ್ನು ಆ ಕಡೆಗೆ ಒತ್ತಿ.

ಆ ದಿನ ಹೊಸ ಚುಕ್ಕೆ ಕತ್ತರಿಸೋಣ ಅಂತ ಮೆಷಿನ್ ಆನ್ ಮಾಡೋಕೆ ಹೋದೆ. ಅಷ್ಟರಲ್ಲಿ ನಮ್ಮನೆಯವರು ಅಟ್ಟದಿಂದ ಬ್ರಷ್, ಎನಾಮೆಲ್ ಡಬ್ಬಿ ಇಳಿಸಿ ತಂದು ಗಾಜಿನ ಮೇಲೆ ಚುಕ್ಕೆ ಇಟ್ಟೇಬಿಟ್ಟರು. ಆ ಆಟೋ ಈಗಲೂ ನಮ್ಮ ಬೀದಿಯಲ್ಲೇ ಓಡಾಡುತ್ತೆ.