ಎರವಿನ ಒಡವೆ ಮತ್ತು ಲುರಿಸ್ತಾನದ ಕಂಚು

ಮದುವೆಯ ಮನೆಗೆ ಹೊರಟ ಹೆಣ್ಣುಮಗಳು ನೆರೆಮನೆಯವಳ ಕಟ್ಟಾಣಿಯನ್ನೋ ಪಾಟಲಿಯನ್ನೋ ಕೇಳಿ ತಂದು ತೊಟ್ಟರೆ ಅದನ್ನು ಕನ್ನಡದಲ್ಲಿ ಎರವು ಎನ್ನುತ್ತಾರೆ, ಮರಾಠಿಯಲ್ಲಿ ಉಸನೆ ಎನ್ನುತ್ತಾರೆ. ಎರಡು ಮಾತುಗಳೊಳಗೂ ಒಂದು ಕರಾರು ಅಡಗಿದೆ. ಒಡವೆಯ ಒಡತಿ ಯಾರೆಂಬುದು ತೊಟ್ಟವಳಿಗೆ ಗೊತ್ತು. ಮದುವೆ ಮುಗಿದ ಮೇಲೆ ಅದು ಯಾವ ಮನೆಗೆ ಹೋಗಬೇಕೆಂಬುದೂ ಗೊತ್ತು. ಇಂದಿನ ದುಬಾರಿ ಫ್ಯಾಶನ್ ಲೋಕಕ್ಕೆ ಈ ಮಾತು ಒಗ್ಗುವುದಿಲ್ಲ. ಅದು ಆಯ್ದುಕೊಂಡಿರುವ ಪದ ‘ಸ್ಫೂರ್ತಿ’. ‘ಪ್ರಾಚೀನ ಇರಾನಿನ ಕಂಚಿನಿಂದ ಸ್ಫೂರ್ತಿ ಪಡೆದ ಕಡಗ’ ಎಂದು ಹೇಳಿಬಿಟ್ಟರೆ ಕೇಳಿದವರ ಕಿವಿಗೆ ಇಂಪು, ಹೇಳಿದವರ ಮೇಲೆ ಹೊಣೆಯಿಲ್ಲ. ಯಾವ ಇರಾನು, ಯಾವ ಕಾಲ, ಯಾರ ಕೈಯ ಕೆಲಸ, ಅದು ಮಣ್ಣಿನಿಂದ ಹೊರಬಂದದ್ದು ಹೇಗೆ ಎಂಬ ಪ್ರಶ್ನೆಗಳೆಲ್ಲ ಆ ಒಂದು ಪದದ ಹಿಂದೆ ಮರೆಯಾಗುತ್ತವೆ.

ಪ್ರಾಚೀನ ಇರಾನಿನ ಕಂಚು ಎಂದಾಗ ಕಲಾರಸಿಕರ ಕಣ್ಣಮುಂದೆ ಮೊದಲು ಬರುವುದು ಲುರಿಸ್ತಾನದ ಕಂಚು. ಪಶ್ಚಿಮ ಇರಾನಿನ ಝಾಗ್ರೋಸ್ ಪರ್ವತಶ್ರೇಣಿಯ ಕಣಿವೆಗಳ ಸೀಮೆಯದು. ಕ್ರಿಸ್ತಪೂರ್ವ 1000ದಿಂದ 650ರವರೆಗಿನ ಸುಮಾರು ಮೂರೂವರೆ ಶತಮಾನಗಳಲ್ಲಿ ಅಲ್ಲಿಯ ಎರಕದವರು ಮಾಡಿದ ವಸ್ತುಗಳನ್ನು ಒಮ್ಮೆ ಕಂಡವರು ಮರೆಯಲಾರರು. ಕುದುರೆಯ ಕಡಿವಾಣದ ಎರಡು ಪಕ್ಕಗಳಿಗೆ ರೆಕ್ಕೆಯುಳ್ಳ ಕಾಡುಟಗರುಗಳು. ಕೊಡಲಿಯ ಹಿಂಬದಿಯಲ್ಲಿ ಬೆರಳುಗಳಂತೆ ಚಾಚಿದ ಮುಳ್ಳುಗಳು. ಸಾಣೆಕಲ್ಲಿನ ಹಿಡಿಕೆಗೆ ಕಾಡುಮೇಕೆಯ ತಲೆ. ತುದಿಗಳಲ್ಲಿ ಮೃಗಮುಖವುಳ್ಳ ಬಾಯ್ತೆರೆದ ಕಡಗಗಳು. ಇವೆಲ್ಲಕ್ಕಿಂತ ಹೆಸರಾದದ್ದು ಕಂಬದ ತುದಿಗೆ ಸಿಕ್ಕಿಸುವ ಶಿಖರಭಾಗ. ಅದರಲ್ಲಿ ನಡುವೆ ಒಬ್ಬ ಮನುಷ್ಯ, ಅವನ ಎರಡೂ ಕೈಗಳಲ್ಲಿ ಕತ್ತು ಬಾಗಿಸಿಕೊಂಡ ಎರಡು ಮೃಗಗಳು. ಮೇಣದಲ್ಲಿ ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಹರಿಸಿ, ಆ ಟೊಳ್ಳಿನಲ್ಲಿ ಕಂಚನ್ನು ಎರೆಯುವ ಕ್ರಮದಲ್ಲಿ ಇಂಥ ವಸ್ತುಗಳು ಸಿದ್ಧವಾದವು. ಹಾಗೆ ಎರೆದಾಗ ಅಚ್ಚು ಒಡೆಯಲೇಬೇಕು; ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ‘ಒಂದೇ ಪ್ರತಿ’ ಎಂದು ಬೆಲೆ ಏರಿಸುವ ಇಂದಿನ ಮಳಿಗೆಗಳಿಗೆ ಆ ಕುಶಲಿಗಳು ಮೂರು ಸಾವಿರ ವರ್ಷಗಳ ಹಿರಿಯರು.

ಇಂಥ ಕೆಲಸ ಮಾಡಿದ ಜನ ಯಾರು? ಅವರು ತಮ್ಮ ಕುರಿತು ಒಂದು ಬರಹವನ್ನೂ ಬಿಟ್ಟುಹೋಗಿಲ್ಲ. ವಿದ್ವಾಂಸರು ಕಸ್ಸೈಟರೆಂದರು, ಸಿಮ್ಮೇರಿಯರೆಂದರು. ಯಾವುದೂ ನೆಲೆ ನಿಲ್ಲಲಿಲ್ಲ. ಅವರ ಭಾಷೆಯ ಹೆಸರು ಕೂಡ ಉಳಿದಿಲ್ಲ. ಉಳಿದದ್ದು ಗೋರಿಗಳು, ಗೋರಿಗಳಲ್ಲಿ ಕಂಚು. ಆ ಕಂಚು ಹೊರಬಂದ ಬಗೆಯೇ ಈ ಕಥೆಯ ನೋವಿನ ಭಾಗ. 1920ರ ದಶಕದ ಕೊನೆಯಲ್ಲಿ ಹಾರ್ಸಿನ್ ಸುತ್ತಣ ಹಳ್ಳಿಗಳ ಜನ ಹಳೆಯ ಗೋರಿಗಳನ್ನು ಅಗೆಯತೊಡಗಿದರು. ಸಿಕ್ಕದ್ದು ವ್ಯಾಪಾರಿಗಳ ಕೈಸೇರಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಿಗೆ ಹೋಯಿತು. ಇರಾನಿನ ಪುರಾವಸ್ತು ಕಾಯ್ದೆ ಬಂದದ್ದು 1930ರಲ್ಲಿ. ಅದರ ಮರುವರ್ಷವೇ ಆಂದ್ರೆ ಗೊದಾರ್ ಅವರ ಗ್ರಂಥ ಪ್ಯಾರಿಸ್ಸಿನಲ್ಲಿ ಪ್ರಕಟವಾಗಿ ಲುರಿಸ್ತಾನದ ಹೆಸರನ್ನು ಹಬ್ಬಿಸಿತು. ಕಾಯ್ದೆ ಕಾಗದದ ಮೇಲೆ ಒಣಗುವಷ್ಟರಲ್ಲಿ ಗುದ್ದಲಿ ಎಷ್ಟೋ ಕಣಿವೆಗಳನ್ನು ದಾಟಿ ಮುಂದೆ ಹೋಗಿತ್ತು. ಹಳ್ಳಿಗರನ್ನು ದೂರಿ ಫಲವಿಲ್ಲ. ಬಡವನ ಗುದ್ದಲಿಗೆ ದಾರಿ ತೋರಿಸಿದ್ದು ದೂರದ ಊರುಗಳ ಗಾಜಿನ ಕಪಾಟುಗಳು.

ಗೋರಿಯಿಂದ ವಸ್ತುವನ್ನು ಕಿತ್ತಾಗ ಕಳೆದುಹೋಗುವುದೇನೆಂದು ತಿಳಿಯಲು ಒಂದು ನಿದರ್ಶನ ಸಾಕು. 1938ರಲ್ಲಿ ಎರಿಕ್ ಶ್ಮಿಟ್ ಅವರ ತಂಡ ಸುರ್ಖ್ ದುಮ್ ಎಂಬ ನೆಲೆಯಲ್ಲಿ ಕ್ರಮಬದ್ಧವಾದ ಉತ್ಖನನ ನಡೆಸಿತು. ಅಲ್ಲಿ ಒಂದು ದೇಗುಲದ ಅವಶೇಷ ದೊರೆಯಿತು. ಅದರ ಗೋಡೆಗಳೊಳಗೆ ಕಂಚಿನ ಸೂಜಿಗಳ ಗೊಂಚಲುಗಳು. ತಲೆಗೆ ಬಿಲ್ಲೆಯಿರುವ ಇಂಥ ಉದ್ದನೆಯ ಸೂಜಿಗಳು ಅಂಗಡಿಯಲ್ಲಿ ಸಿಕ್ಕಿದ್ದರೆ ‘ಉಡುಪಿಗೆ ಚುಚ್ಚುವ ಅಲಂಕಾರ’ ಎಂದು ಚೀಟಿ ಅಂಟಿಸಿ ಮಾರುತ್ತಿದ್ದರು. ಗೋಡೆಯೊಳಗೆ ಸಿಕ್ಕದ್ದರಿಂದ ಅವು ಹರಕೆಯ ವಸ್ತುಗಳೆಂಬುದು ತಿಳಿಯಿತು. ಯಾವಳೋ ತಾಯಿ, ಯಾವನೋ ಕುದುರೆ ಸವಾರ, ಯಾವ ಸಂಕಟಕ್ಕೋ ಕಟ್ಟಿಕೊಂಡ ಹರಕೆ. ಆ ಬಿಲ್ಲೆಯ ರೂಪವನ್ನು ಇಂದು ಯಾರಾದರೂ ಕೋಟಿನ ಕೊರಳಿಗೆ ತಂದರೆ ರೂಪ ಮಾತ್ರ ಬರುತ್ತದೆ, ಹರಕೆ ಗೋಡೆಯಲ್ಲೇ ಉಳಿಯುತ್ತದೆ. ಅದು ಅಪರಾಧವಲ್ಲ. ಹರಕೆಯ ಸುದ್ದಿಯನ್ನೂ ಅಳಿಸಿ, ‘ಕಾಲಾತೀತ ವಿನ್ಯಾಸ’ ಎಂದು ಬರೆಯುವುದು ಮಾತ್ರ ಸರಿಯಲ್ಲ. ಕಾಲಾತೀತವಾದದ್ದು ಅಲ್ಲಿ ಏನೂ ಇಲ್ಲ. ಎಲ್ಲವೂ ಒಂದು ಕಾಲದ್ದು, ಒಂದು ಕಣಿವೆಯದು.

ಬೆಲ್ಜಿಯಂನ ಲೂಯಿ ವಾನ್ಡೆನ್ ಬರ್ಗೆ 1965ರಿಂದ 1979ರವರೆಗೆ ಪುಶ್ತ್-ಇ-ಕೂಹ್ ಪ್ರದೇಶದಲ್ಲಿ ಗೋರಿಗಳನ್ನು ಶಿಸ್ತಿನಿಂದ ತೆರೆದು ದಾಖಲಿಸಿದರು. ಅಂಥವರ ದುಡಿಮೆಯಿಂದಲೇ ಕಾಲಗಣನೆಗೆ ಒಂದು ನೆಲೆ ದೊರೆಯಿತು. ಆದರೆ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿರುವ ಲುರಿಸ್ತಾನದ ಕಂಚಿನ ಬಹುಪಾಲು ಇಂದಿಗೂ ಸಂತೆಯಿಂದ ಬಂದದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದೊಳಗೇ ಕುಳಿತು ಆಸ್ಕರ್ ವೈಟ್ ಮಸ್ಕರೆಲ್ಲಾ ಎಂಬ ವಿದ್ವಾಂಸರು ಈ ಮಾತನ್ನು ಬಿಡದೆ ಹೇಳಿದರು. ಸಂತೆಯಲ್ಲಿ ಕೊಂಡದ್ದನ್ನು ಉತ್ಖನನದಲ್ಲಿ ದೊರೆತದ್ದರ ಸಾಲಿನಲ್ಲಿ ಇಡಬೇಡಿರೆಂದರು. ನಕಲಿಗಳ ದೊಡ್ಡ ಪಟ್ಟಿಯನ್ನೇ 2000ದಲ್ಲಿ ಗ್ರಂಥವಾಗಿ ಹೊರತಂದರು. ಕೊಳ್ಳುವವರಿಗೆ ವಿಚಿತ್ರ ಮೃಗಗಳು ಬೇಕೆಂದು ಕಂಡಾಗ ನಕಲಿಗರು ಹೆಚ್ಚು ವಿಚಿತ್ರವಾದ ಮೃಗಗಳನ್ನು ಮಾಡಿಕೊಟ್ಟರು. ಹೀಗೆ ಸಂತೆಯ ರುಚಿ ಭೂತಕಾಲವನ್ನೇ ತಿದ್ದಿತು. ಫ್ಯಾಶನ್ನಿನವರು ಯಾವ ‘ಪ್ರಾಚೀನ’ ರೂಪವನ್ನು ಕಂಡು ಪುಲಕಿತರಾಗುತ್ತಾರೋ ಅದು ಕಳೆದ ಶತಮಾನದ ಯಾವುದೋ ಹಿಂಬಾಗಿಲ ಕುಲುಮೆಯದೂ ಆಗಿರಬಹುದು!

ರೂಪಗಳಿಗೆ ಗಡಿಯಿಲ್ಲ, ಅವು ಊರೂರು ತಿರುಗುತ್ತವೆ ಎಂದು ಒಬ್ಬರು ವಾದಿಸಿಯಾರು. ಆ ವಾದ ನಿಜ. ಎರಡು ಮೃಗಗಳನ್ನು ಹಿಡಿದ ಮನುಷ್ಯ ಲುರಿಸ್ತಾನದ ಸ್ವಂತ ಸೃಷ್ಟಿಯಲ್ಲ. ಮೆಸೊಪೊಟೇಮಿಯಾದಲ್ಲಿ ಅವನಿಗಿಂತ ಹಳಬರಿದ್ದಾರೆ, ಮೊಹೆಂಜೊದಾರೊದ ಮುದ್ರೆಯ ಮೇಲೆ ಅವನು ಎರಡು ಹುಲಿಗಳ ನಡುವೆ ನಿಂತಿದ್ದಾನೆ. ಲುರಿಸ್ತಾನದವರೂ ಎರವು ತಂದವರೇ. ಕುದುರೆಯ ಸಾಜು ಐಷಾರಾಮದ ಗುರುತಾದದ್ದಕ್ಕೂ ಎಲ್ಲೆಡೆ ಲುರಿಸ್ತಾನವೇ ಮೂಲವೆಂದು ಹೇಳಬೇಕಾಗಿಲ್ಲ. ಎರ್ಮೆಸ್ ಸಂಸ್ಥೆ 1837ರಲ್ಲಿ ಪ್ಯಾರಿಸ್ಸಿನಲ್ಲಿ ಕುದುರೆಯ ಸಾಜು ಹೊಲಿಯುತ್ತಲೇ ಹುಟ್ಟಿತು. ಗುಚಿಯವರ ಪಾದರಕ್ಷೆಗೆ 1953ರಲ್ಲಿ ಬಂದ ಕಡಿವಾಣದ ಗುರುತು ಯುರೋಪಿನ ಲಾಯದ್ದು. ಎರವು ತರುವುದೇ ತಪ್ಪೆಂದರೆ ಯಾವ ಕಲೆಯೂ ಉಳಿಯಲಾರದು, ಯಾವ ಭಾಷೆಯೂ ಉಳಿಯಲಾರದು. ತಕರಾರು ಇರುವುದು ಎರವಿನ ಬಗ್ಗೆಯಲ್ಲ, ಒಡತಿಯ ಹೆಸರನ್ನು ನುಂಗುವುದರ ಬಗ್ಗೆ.

ಹೆಸರು ಹೇಳಿದರೆ ಒಡವೆಯ ಬೆಲೆ ಇಳಿಯುತ್ತದೆ ಎಂಬ ಭಯವೂ ನಿರಾಧಾರ. 2021ರಲ್ಲಿ ಪ್ಯಾರಿಸ್ಸಿನ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ಕಾರ್ತಿಯೇ ಸಂಸ್ಥೆಯ ಆಭರಣಗಳ ಪಕ್ಕದಲ್ಲಿಯೇ ಅವುಗಳಿಗೆ ಮಾದರಿಯಾದ ಇಸ್ಲಾಮೀ ಕಲೆಯನ್ನು ಇಟ್ಟು ತೋರಿಸಿದರು. ಲೂಯಿ ಕಾರ್ತಿಯೇ ಕೂಡಿಹಾಕಿದ್ದ ಇರಾನೀ ಮತ್ತು ಭಾರತೀಯ ಚಿತ್ರಗಳ ಸಂಗ್ರಹವೂ ಅಲ್ಲಿ ಚರ್ಚೆಗೆ ಬಂತು. ಋಣವನ್ನು ಬೆಳಕಿನಲ್ಲಿ ಇಟ್ಟದ್ದರಿಂದ ಆ ಸಂಸ್ಥೆಯ ಕೀರ್ತಿಗೆ ಕುಂದೇನೂ ಬರಲಿಲ್ಲ.

ಹೆಸರಿಲ್ಲದೆ ಎರವು ತಂದರೆ ಏನಾಗುತ್ತದೆಂಬುದನ್ನು ಸೊಲ್ಲಾಪುರ ಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜೂನ್ ತಿಂಗಳಲ್ಲಿ ಮಿಲಾನ್ ನಗರದ ವೇದಿಕೆಯ ಮೇಲೆ ಪ್ರಾಡಾ ಸಂಸ್ಥೆ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ಬರಿಯ ಚರ್ಮದ ಚಪ್ಪಲಿಗಳೆಂದು ತೋರಿಸಿತು. 2019ರಲ್ಲಿಯೇ ಆ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಿದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳೂ ಕರ್ನಾಟಕದ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡಗಳೂ ಅದರ ಸಮಾನ ಒಡೆಯರು. ಅಕ್ಕಲಕೋಟೆ, ಜತ್ತ ಎರಡೂ ಆ ಎಲ್ಲೆಯೊಳಗಿವೆ. ಕೂಗೆದ್ದಿತು, ಸಂಸ್ಥೆ ಮೂಲವನ್ನು ಒಪ್ಪಿಕೊಂಡಿತು, ವರ್ಷಾಂತ್ಯದಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೂ ಬಂತು. ಅಟ್ಟೆ ಕೊಯ್ಯುವ, ಬಾರು ಹೆಣೆಯುವ ಕೈಗಳಿಗೆ ಎಷ್ಟು ತಲುಪುತ್ತದೆಂಬುದನ್ನು ಮುಂದೆ ನೋಡಬೇಕು. ಆದರೂ ಒಂದು ಮಾತು ನಿಜ: ಚಪ್ಪಲಿ ಮಾಡುವವರು ಬದುಕಿದ್ದಾರೆ, ಅವರಿಗೆ ಮರಾಠಿ ಇದೆ, ಕನ್ನಡ ಇದೆ, ‘ಇದು ನಮ್ಮದು’ ಎನ್ನುವ ಬಾಯಿ ಇದೆ.

ಲುರಿಸ್ತಾನದ ಎರಕದವನಿಗೆ ಅದು ಇಲ್ಲ. ಅವನ ಗೋರಿಯನ್ನು ಒಮ್ಮೆ ಬಗೆದಾಗಲೇ ಅವನ ಊರು ಅಳಿಸಿಹೋಯಿತು. ಈಗ ‘ಸ್ಫೂರ್ತಿ’ ಎಂಬ ಮಾತು ಉಳಿದ ಚೂರನ್ನೂ ಅಳಿಸುತ್ತದೆ. ಪರಿಹಾರ ದೊಡ್ಡದೇನಲ್ಲ. ಮಾದರಿಯಾದ ವಸ್ತು ಯಾವುದು, ಅದು ಯಾವ ವಸ್ತುಸಂಗ್ರಹಾಲಯದಲ್ಲಿದೆ, ಉತ್ಖನನದಲ್ಲಿ ಸಿಕ್ಕಿದ್ದೋ ಸಂತೆಯಲ್ಲಿ ಕೊಂಡದ್ದೋ ಎಂಬ ಮೂರು ವಿವರಗಳನ್ನು ಮಾರಾಟದ ಚೀಟಿಯಲ್ಲಿ ಬರೆಯಬಹುದು. ಬಂದ ಲಾಭದಲ್ಲಿ ಒಂದು ಪಾಲು ಇರಾನಿನ ಉತ್ಖನನ, ಸಂರಕ್ಷಣೆಯ ಕೆಲಸಕ್ಕೆ ಹೋಗಬಹುದು. ಆ ದೇಶದೊಡನೆ ಹಣದ ವ್ಯವಹಾರಕ್ಕೆ ರಾಜಕೀಯ ಅಡ್ಡಿಗಳಿವೆ ಎಂದರೆ ಚೀಟಿಯ ಮೂರು ಸಾಲುಗಳಿಗಂತೂ ಯಾವ ನಿರ್ಬಂಧವೂ ಇಲ್ಲ. ಚರ್ಮ ಕರುವಿನದೋ ಮೇಕೆಯದೋ, ಹೊಲಿದದ್ದು ಯಾವ ದೇಶದಲ್ಲಿ ಎಂಬುದನ್ನು ಹೊಂಬಣ್ಣದಲ್ಲಿ ಅಚ್ಚೊತ್ತುವ ಚೀಟಿಯ ಹಿಂಬದಿ ಹೇಗೂ ಖಾಲಿಯಾಗಿಯೇ ಇರುತ್ತದೆ.