ಬಾಗಿಲಲ್ಲಿ ಬಿಚ್ಚಿಡುವ ಅಹಿಂಸೆ

ನಮ್ಮ ಅನೇಕ ಬಸದಿಗಳ ಹೊರಬಾಗಿಲಲ್ಲಿ ಒಂದು ಫಲಕ ತೂಗುತ್ತಿರುತ್ತದೆ: ಚರ್ಮದ ವಸ್ತುಗಳನ್ನು ಧರಿಸಿ ಒಳಗೆ ಬರಬಾರದು. ಶ್ರಾವಕರು ಇದನ್ನು ಭಕ್ತಿಯಿಂದ ಪಾಲಿಸುತ್ತಾರೆ. ಸೊಂಟದ ಬೆಲ್ಟನ್ನು ಬಿಚ್ಚಿ, ಸುರುಳಿ ಸುತ್ತಿ, ಪಾದರಕ್ಷೆಗಳ ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಾರೆ. ದರ್ಶನ ಮುಗಿಸಿ, ಗಂಧೋದಕವನ್ನು ಶಿರಸ್ಸಿಗೆ ಹಚ್ಚಿಕೊಂಡು ಹೊರಬಂದು, ಅದೇ ಬೆಲ್ಟನ್ನು ಬಿಗಿದುಕೊಂಡು ಅಂಗಡಿಗೆ ನಡೆಯುತ್ತಾರೆ. ಅಹಿಂಸೆಯು ಅರ್ಧ ಗಂಟೆಯ ವ್ರತವೇ? ಜಿನಬಿಂಬದ ಮುಂದೆ ಅಶುಚಿಯಾದುದು ಗಲ್ಲಾಪೆಟ್ಟಿಗೆಯ ಮುಂದೆ ಶುಚಿಯಾಗುವುದು ಯಾವ ಶಾಸ್ತ್ರದಿಂದ? ಈ ಪ್ರಶ್ನೆಯನ್ನು ಶ್ರಾವಕ ಬಂಧುಗಳ ಮುಂದೆಯೂ ಬಸದಿಗಳ ಧರ್ಮದರ್ಶಿಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಬೆಲ್ಟು ಚಿಕ್ಕ ವಸ್ತು; ಅದರ ಮೇಲೆ ಇಷ್ಟು ಮಾತೇಕೆ ಎನ್ನಬಹುದು. ಚಿಕ್ಕ ವಸ್ತುವಿನಲ್ಲಿಯೇ ವ್ರತದ ಪರೀಕ್ಷೆ. ಅದರಲ್ಲಿಯೂ ಈಗ ಕೈಯಿಂದ ಹೆಣೆದ ಅಲಂಕಾರದ ಬೆಲ್ಟುಗಳಿಗೆ ಗೌರವ ಹೆಚ್ಚಿದ್ದು, ಉಡುಗೊರೆಯ ರೂಪದಲ್ಲಿ ಅವು ನಮ್ಮ ಮನೆಗಳಿಗೂ ಬರುತ್ತಿವೆ. ‘ಇದು ಕಾರ್ಖಾನೆಯದಲ್ಲ, ಕುಶಲಕರ್ಮಿಯ ಕೈಕೆಲಸ’ ಎಂಬ ಒಂದು ಮಾತಿನಿಂದ ಅದರ ಮೂಲದ ಪ್ರಶ್ನೆ ಮುಚ್ಚಿಹೋಗುತ್ತದೆ.

ಆ ಕೈಕೆಲಸವನ್ನು ಮೊದಲು ತಿಳಿಯೋಣ. ತಿಳಿಯದೆ ಖಂಡಿಸುವುದು ಅನೇಕಾಂತವಾದಿಗಳಿಗೆ ಶೋಭಿಸದು. ದಪ್ಪ ತೊಗಲಿನ ಪಟ್ಟಿಯನ್ನು ಕೊಯ್ದು, ಅಂಚನ್ನು ಸವರಿ, ಅಂಚಿನುದ್ದಕ್ಕೂ ಸಮಾನ ಅಂತರದಲ್ಲಿ ಸಣ್ಣ ಸೀಳುಗಳನ್ನು ಹೊಡೆಯುತ್ತಾರೆ. ಬಳಿಕ ತೆಳುವಾದ ಬಾರನ್ನು ಆ ಸೀಳುಗಳಲ್ಲಿ ತೂರಿಸಿ ಹೆಣೆಯುತ್ತಾರೆ. ಒಂದೇ ದಿಕ್ಕಿನಲ್ಲಿ ಅಂಚನ್ನು ಸುತ್ತಿಕೊಂಡು ಹೋಗುವುದು ಸರಳ ವಿಧಾನ. ಹಿಂದಿನ ಸುತ್ತಿನ ಕೊಂಡಿಯೊಳಗಿಂದ ಬಾರನ್ನು ಹಾಯಿಸಿ ಬಿಗಿದರೆ ಅಂಚಿನ ಮೇಲೆ ಜಡೆಯಂಥ ಸಾಲು ಏಳುತ್ತದೆ. ಎರಡು ಕೊಂಡಿಗಳನ್ನು ಹಾಯಿಸಿದರೆ ಆ ಜಡೆ ಇನ್ನೂ ತುಂಬಿಕೊಳ್ಳುತ್ತದೆ. ಪಟ್ಟಿಯ ನಡುವೆ ಎರಡು ಉದ್ದ ಸೀಳುಗಳನ್ನು ಕೊಟ್ಟು, ತುದಿಗಳು ಕೂಡಿಕೊಂಡೇ ಇರುವಂತೆ ಮೂರೆಳೆ ಹೆಣೆಯುವ ಚಮತ್ಕಾರವೂ ಉಂಟು. ಇದು ವರ್ಷಗಳ ಅಭ್ಯಾಸದಿಂದ ಸಿದ್ಧಿಸುವ ವಿದ್ಯೆ ಎಂಬುದರಲ್ಲಿ ಸಂದೇಹವಿಲ್ಲ.

ಈಗ ವರ್ತಕನ ಲೆಕ್ಕ. ಸರಳ ಸುತ್ತಿಗೆ ಅಂಚಿನ ಉದ್ದದ ಸುಮಾರು ೩ ಪಟ್ಟು ಬಾರು ಬೇಕು. ಜೋಡಿ ಕೊಂಡಿಯ ಹೆಣಿಗೆಗೆ ಸುಮಾರು ೬ ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ೪೦ ಅಂಗುಲದ ಬೆಲ್ಟಿಗೆ ಎರಡು ಅಂಚುಗಳು ಸೇರಿ ೮೦ ಅಂಗುಲ. ಅದರ ೬ ಪಟ್ಟು ೪೮೦ ಅಂಗುಲ, ಅಂದರೆ ೪೦ ಅಡಿ. ಈ ೪೦ ಅಡಿ ಬಾರು ಉಡುಪನ್ನು ಸೊಂಟದಲ್ಲಿ ನಿಲ್ಲಿಸುವ ಕೆಲಸವನ್ನೇನೂ ಮಾಡುವುದಿಲ್ಲ. ಅದು ಕೇವಲ ಶೃಂಗಾರ. ದಪ್ಪ ತೊಗಲು ಅದಕ್ಕೆ ಒಗ್ಗುವುದಿಲ್ಲ. ತೆಳುವಾಗಿ, ಮೆದುವಾಗಿ ಬಾಗಬೇಕಾದುದರಿಂದ ಆಡಿನ ಮರಿಯ, ಕರುವಿನ ಎಳೆಯ ಚರ್ಮಕ್ಕೆ ಹೆಚ್ಚು ಬೇಡಿಕೆ. ಉಪಯೋಗಕ್ಕಾಗಿ ದೊಡ್ಡ ಪ್ರಾಣಿಯ ತೊಗಲು, ಅಂದಕ್ಕಾಗಿ ಎಳೆಯ ಪ್ರಾಣಿಯ ತೊಗಲು. ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ, ಉದ್ಯೋಗೀ ಹಿಂಸೆಗಳಿಗೆ ಶಾಸ್ತ್ರವು ಒಂದಿಷ್ಟು ವಿನಾಯಿತಿ ನೀಡಿದೆ. ಶೃಂಗಾರದ ೪೦ ಅಡಿಗೆ ಯಾವ ವಿನಾಯಿತಿ?

ನಮ್ಮ ಮಂಡ್ಯದ ಸೀಮೆಯಲ್ಲಿ ತೊಗಲಿನ ಹೆಣಿಗೆ ಹೊಸತಲ್ಲ. ಹೊಳಲಿನಿಂದ ಮದ್ದೂರು ಮಳವಳ್ಳಿಗಳವರೆಗೆ ರೈತರು ಹಳ್ಳಿಕಾರ್ ಎತ್ತುಗಳನ್ನು ಮಕ್ಕಳಂತೆ ಸಾಕಿದವರು. ಜಾತ್ರೆಗೆ ಹೊರಟ ಜೋಡೆತ್ತಿನ ಕೊರಳಿನ ಗೆಜ್ಜೆಪಟ್ಟಿ ತೊಗಲಿನದು. ಅದರ ಅಂಚಿಗೂ ಹೆಣಿಗೆಯ ಸೊಗಸು. ನೊಗಕ್ಕೆ ಬಿಗಿಯುವ ಮಿಣಿ ತೊಗಲಿನದು. ಬೆನ್ನಿನ ಮೇಲೆ ಬೀಳುವ ಬಾರುಕೋಲಿನ ಬಾರೂ ತೊಗಲಿನದೇ. ಸತ್ತ ಎತ್ತಿನ ತೊಗಲಿನಿಂದ ಬದುಕಿದ ಎತ್ತನ್ನು ಸಿಂಗರಿಸುವುದು, ಅದೇ ತೊಗಲಿನಿಂದ ಅದನ್ನು ಹೊಡೆಯುವುದು! ಆದರೂ ಒಂದು ಮಾತನ್ನು ಒಪ್ಪಬೇಕು: ಆ ರೈತನಿಗೆ ಅಂದು ಬೇರೆ ಗಟ್ಟಿ ವಸ್ತು ಸುಲಭವಾಗಿ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಹತ್ತು ಬಗೆಯ ಪಟ್ಟಿಗಳ ಮುಂದೆ ನಿಂತು ಆಯ್ಕೆ ಮಾಡುವ ಇಂದಿನ ಶ್ರಾವಕನಿಗೆ ಆ ಸಮಾಧಾನವಿಲ್ಲ.

ಇನ್ನು ಆಕ್ಷೇಪಣೆಗಳು. ಮೊದಲನೆಯದು: ‘ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮ ಕೇವಲ ಉಪೋತ್ಪನ್ನ. ನಾವು ಕೊಳ್ಳದಿದ್ದರೂ ಪ್ರಾಣಿ ಉಳಿಯುವುದಿಲ್ಲ.’ ವಾಣಿಜ್ಯಶಾಸ್ತ್ರ ಓದಿದವರು ಈ ಮಾತನ್ನು ಆಡಬಾರದು. ಉಪೋತ್ಪನ್ನದ ಮಾರಾಟದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ಪರಿವ್ಯಯ ಲೆಕ್ಕಶಾಸ್ತ್ರದ ಆರಂಭದ ಪಾಠ. ಚರ್ಮಕ್ಕೆ ಬೆಲೆ ಬಂದಷ್ಟೂ ಮಾಂಸದ ವೆಚ್ಚ ಇಳಿಯುತ್ತದೆ. ವೆಚ್ಚ ಇಳಿದಷ್ಟೂ ಆ ವ್ಯಾಪಾರ ಬಲಗೊಳ್ಳುತ್ತದೆ. ಹೀಗಿರುವಾಗ ಬೆಲ್ಟು ಕೊಂಡವನು ಕಸಾಯಿಖಾನೆಯ ಲೆಕ್ಕಪುಸ್ತಕದಲ್ಲಿ ಜಮಾ ಕಡೆಯಲ್ಲಿ ನಿಂತಿದ್ದಾನೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು, ಮನೋವಾಕ್ಕಾಯಗಳೆಂಬ ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತ ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ೧೦೮ ಭೇದಗಳನ್ನು ಹೇಳುತ್ತದೆ. ತಾನು ಮಾಡಿದ್ದು ಮಾತ್ರವೇ ಪಾಪವಾಗಿದ್ದರೆ ಈ ಗುಣಾಕಾರವೇ ಬೇಕಾಗಿರಲಿಲ್ಲ.

ಎರಡನೆಯದು: ‘ತಾನಾಗಿ ಸತ್ತ ಪ್ರಾಣಿಯ ಚರ್ಮವಾದರೆ?’ ಗಾಂಧೀಜಿಯವರು ಇದನ್ನು ಗಂಭೀರವಾಗಿ ಯೋಚಿಸಿ, ಸಾಬರಮತಿ ಆಶ್ರಮದಲ್ಲಿ ಸತ್ತ ದನಗಳ ತೊಗಲನ್ನು ಮಾತ್ರ ಹದಮಾಡುವ ಪ್ರಯತ್ನ ನಡೆಸಿದರು. ಆ ಪ್ರಯತ್ನ ಗೌರವಾರ್ಹ. ಆದರೆ ಅಂಗಡಿಯಲ್ಲಿ ತೂಗುಹಾಕಿದ ಬೆಲ್ಟು ತನ್ನ ಮೂಲವನ್ನು ಹೇಳುವುದಿಲ್ಲ; ಮಾರುವವನಿಗೂ ಅದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಶಾಸ್ತ್ರದ ದೃಷ್ಟಿ ಇನ್ನೂ ಸೂಕ್ಷ್ಮ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ತಾನಾಗಿ ಸತ್ತ ಎಮ್ಮೆ ಎತ್ತುಗಳ ಮಾಂಸದಲ್ಲಿಯೂ ಅದನ್ನು ಆಶ್ರಯಿಸಿದ ಸೂಕ್ಷ್ಮ ಜೀವಿಗಳ ಹಿಂಸೆ ತಪ್ಪದೆಂದು ವಿವರಿಸಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ತೊಗಲಿನ ಚೀಲದಲ್ಲಿಟ್ಟ ನೀರು, ಎಣ್ಣೆ, ಇಂಗುಗಳ ಸೇವನೆಯನ್ನೂ ಮಾಂಸತ್ಯಾಗದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ದಂತವಾಣಿಜ್ಯವೆಂಬ ನಿಷಿದ್ಧ ವ್ಯಾಪಾರದಲ್ಲಿ ದಂತದೊಡನೆ ಎಲುಬು, ಉಗುರು, ಚರ್ಮ, ರೋಮಗಳನ್ನೂ ಎಣಿಸಿದೆ. ತೊಗಲಿನಲ್ಲಿಟ್ಟ ನೀರನ್ನೇ ಬಿಟ್ಟ ಪರಂಪರೆಯ ಮಕ್ಕಳು ತೊಗಲನ್ನೇ ಸೊಂಟಕ್ಕೆ ಸುತ್ತಿಕೊಳ್ಳುವುದು ಹೇಗೆ?

ಮೂರನೆಯದು: ‘ಚರ್ಮ ಬೇಡವೆಂದರೆ ರೆಕ್ಸಿನ್ ಗತಿ, ಪ್ಲಾಸ್ಟಿಕ್ಕು ಮಣ್ಣಿಗೂ ನೀರಿಗೂ ವಿಷ.’ ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಭೂಕಾಯಿಕ, ಜಲಕಾಯಿಕ ಜೀವಗಳನ್ನು ನಂಬುವ ನಾವು ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಇಂದು ಜಗತ್ತಿನ ಚರ್ಮದ ಬಹುಭಾಗವು ಕ್ರೋಮಿಯಂ ಲವಣಗಳಿಂದ ಹದಗೊಳ್ಳುತ್ತದೆ. ಅದರ ತ್ಯಾಜ್ಯವೂ ನೀರಿಗೇ ಸೇರುವ ಅಪಾಯವುಳ್ಳದ್ದು. ಚರ್ಮ ಅಥವಾ ಪ್ಲಾಸ್ಟಿಕ್ಕು ಎಂಬ ಎರಡೇ ದಾರಿಗಳೆಂದು ಭಾವಿಸುವುದೇ ತಪ್ಪು. ಮಂಚಕ್ಕೆ ಬಿಗಿಯುವ ಹತ್ತಿಯ ನವಾರು ಮನುಷ್ಯನ ಭಾರವನ್ನೇ ಹೊರುತ್ತದೆ. ಸೊಂಟದ ಉಡುಪನ್ನು ಹಿಡಿದಿಡಲಾರದೇ? ಹತ್ತಿ, ಸೆಣಬು, ಬಾಳೆನಾರು ನಮ್ಮ ಕೈಯಳತೆಯಲ್ಲಿವೆ.

ನಾಲ್ಕನೆಯ ಆಕ್ಷೇಪಣೆಯೇ ನಿಜವಾಗಿ ಭಾರವಾದದ್ದು: ‘ಆ ಕುಶಲಕರ್ಮಿಯ ಅನ್ನದ ಗತಿಯೇನು?’ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಸೀಮೆ ಕರ್ನಾಟಕದಲ್ಲಿ ಜೈನರು ದೊಡ್ಡ ಸಂಖ್ಯೆಯಲ್ಲಿರುವ ಭಾಗ. ಅದೇ ಸೀಮೆ ಕೊಲ್ಹಾಪುರಿ ಚಪ್ಪಲಿಯ ತವರೂ ಹೌದು. ಅಳಲೆಕಾಯಿ, ಜಾಲಿಯ ತೊಗಟೆಗಳಿಂದ ಹದಮಾಡಿದ ತೊಗಲಿನ ಮೇಲೆ ಸಣ್ಣ ಜಡೆಗಳನ್ನು ಹೆಣೆಯುವ ಕೆಲಸ ಅಲ್ಲಿಯ ಮನೆಮನೆಗಳಲ್ಲಿ ನಡೆಯುತ್ತದೆ; ಹೆಣಿಗೆಯಲ್ಲಿ ಹೆಂಗಸರ ಪಾಲು ದೊಡ್ಡದು. ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ೨೦೨೫ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿ, ಟೀಕೆ ಬಂದ ಮೇಲೆ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ಪರದೇಶದವರು ಬೆಲೆ ಕಟ್ಟಿದ್ದು ತೊಗಲಿಗಲ್ಲ. ತೊಗಲು ಎಲ್ಲಿಯೂ ಸಿಗುತ್ತದೆ. ಅವರು ಬೆಲೆ ಕಟ್ಟಿದ್ದು ಆ ಕೈಗಳ ರಚನೆಗೆ. ವಿದ್ಯೆ ಇರುವುದು ಕೈಯಲ್ಲಿ, ಹೆಣದಲ್ಲಲ್ಲ. ಬಾರನ್ನು ಜಡೆ ಹೆಣೆಯುವ ಬೆರಳುಗಳು ಮೇಣ ಸವರಿದ ಹತ್ತಿಯ ಹುರಿಯನ್ನೂ ಹೆಣೆಯಬಲ್ಲವು.

ಆದರೆ ಬಾಯಿಮಾತಿನಿಂದ ಇದು ಆಗುವುದಿಲ್ಲ. ಕರ್ನಾಟಕದಲ್ಲಿ ೨೦೨೦ರ ಜಾನುವಾರು ಹತ್ಯೆ ಪ್ರತಿಬಂಧಕ ಶಾಸನ ಬಂದಾಗ ನಮ್ಮವರನೇಕರು ಹರ್ಷಪಟ್ಟರು. ಶಾಸನಕ್ಕೆ ಚಪ್ಪಾಳೆ ತಟ್ಟಿದ ಕೈಗಳೇ ಚರ್ಮದ ಬೆಲ್ಟಿನ ಕೊಕ್ಕೆಯನ್ನು ಬಿಗಿಯುತ್ತಿದ್ದರೆ ಆ ಹರ್ಷಕ್ಕೆ ಅರ್ಥವೇನು? ಶಾಸನವು ಇನ್ನೊಬ್ಬನ ಕೈಯನ್ನು ಕಟ್ಟುತ್ತದೆ, ವ್ರತವು ನಮ್ಮ ಕೈಯನ್ನು. ಇನ್ನೊಬ್ಬನ ಕೈ ಕಟ್ಟಿ ತನ್ನದನ್ನು ಬಿಟ್ಟುಕೊಂಡವನು ವ್ರತಿಯಲ್ಲ. ಬಡವನ ಕಸುಬನ್ನು ನಿಂದಿಸಿ, ಅವನಿಗೆ ಬೇರೆ ಕೆಲಸ ಕೊಡದೆ, ನಾವು ಶುದ್ಧರೆಂದು ಹೇಳಿಕೊಳ್ಳುವುದು ಮಾನಕಷಾಯವೇ ಹೊರತು ಅಹಿಂಸೆಯಲ್ಲ.

ಇಲ್ಲಿ ಒಂದು ಕಹಿ ಮಾತನ್ನು ಆಡಲೇಬೇಕು. ತೊಗಲಿನ ಬಗೆಗಿನ ನಮ್ಮ ಹೇಸಿಗೆಯು ಎಷ್ಟೋ ಮನೆಗಳಲ್ಲಿ ತೊಗಲಿನ ಕೆಲಸ ಮಾಡುವವರ ಬಗೆಗಿನ ಹೇಸಿಗೆಯಾಗಿದೆ. ತೊಗಲನ್ನು ಕೊಂಡು ಧರಿಸಿದವನು ಜಗಲಿಯ ಮೇಲೆ, ಹೊಲಿದುಕೊಟ್ಟವನು ಅಂಗಳದಲ್ಲಿ! ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದು ನೋಡಿ. ಅಹಿಂಸಾಣುವ್ರತಕ್ಕೆ ನಿದರ್ಶನವಾಗಿ ಅವರು ಹೆಸರಿಸಿದ್ದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಮಾತಂಗನನ್ನು. ಚತುರ್ದಶಿಯ ದಿನ ಕೊಲ್ಲುವುದಿಲ್ಲವೆಂಬ ವ್ರತವನ್ನು ರಾಜಾಜ್ಞೆಗೂ ಬಗ್ಗದೆ ಪಾಲಿಸಿದ ಯಮಪಾಲ ಚಾಂಡಾಲನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕನ್ನಡ ನಾಡಿನಲ್ಲಿ ತೊಗಲಿನ ಕೆಲಸವನ್ನು ಕುಲಕಸುಬಾಗಿ ನಡೆಸಿಕೊಂಡು ಬಂದ ಮಾದಿಗ ಸಮುದಾಯವು ತನ್ನನ್ನು ಮಾತಂಗ ವಂಶವೆಂದೇ ಹೇಳಿಕೊಳ್ಳುತ್ತದೆ. ಅಹಿಂಸೆಯ ಆದರ್ಶವನ್ನು ಯಾರ ಹೆಸರಿನಿಂದ ಕಲಿತೆವೋ ಆ ಹೆಸರಿನವರನ್ನು ದೂರವಿಟ್ಟು ಅಹಿಂಸೆಯ ಫಲಕವನ್ನು ತೂಗುಹಾಕಿದ್ದೇವೆ.

ಫಲಕದ ಒಳಗಡೆಯನ್ನೂ ನೋಡೋಣ. ಬೆಲ್ಟು ಹೊರಗುಳಿಯಿತು, ಮೃದಂಗ, ಡೋಲುಗಳು ಒಳಗೆ ಬಂದವು. ಆಡು, ಹಸು, ಎಮ್ಮೆಗಳ ಚರ್ಮವಿಲ್ಲದೆ ಸಾಂಪ್ರದಾಯಿಕ ಮೃದಂಗವಿಲ್ಲ. ಅದರ ಮೈಮೇಲಿನ ಹೆಣಿಗೆಯೂ ತೊಗಲಿನ ಬಾರೇ. ಪೂಜೆಗೆ ಕುಳಿತವರ ಮೈಮೇಲೆ ರೇಷ್ಮೆಯ ಮಡಿ ಬಂತು. ಮದ್ದೂರು ಮಳವಳ್ಳಿಗಳ ಹಿಪ್ಪುನೇರಳೆ ತೋಟಗಳ ನಡುವೆ ಬದುಕುವ ನಮಗೆ, ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಂದೇ ನೂಲು ಬಿಚ್ಚುತ್ತಾರೆಂಬುದು ತಿಳಿಯದ ಸಂಗತಿಯಲ್ಲ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಚತುರಿಂದ್ರಿಯ ಜೀವಗಳು ಲೆಕ್ಕಕ್ಕಿಲ್ಲವೆಂದು ಯಾವ ಆಗಮ ಹೇಳಿದೆ?

ಆದುದರಿಂದ ವಿಶ್ವಸ್ತ ಮಂಡಳಿಗಳ ಮುಂದೆ ನಾಲ್ಕು ಸ್ಪಷ್ಟ ಬೇಡಿಕೆಗಳನ್ನು ಇಡುತ್ತಿದ್ದೇನೆ. ಮೊದಲನೆಯದಾಗಿ, ‘ಒಳಗೆ ತರಬೇಡಿ’ ಎಂಬ ಫಲಕವನ್ನು ‘ಕೊಳ್ಳಬೇಡಿ’ ಎಂದು ತಿದ್ದಿ ಬರೆಸಿರಿ. ಎರಡನೆಯದಾಗಿ, ಬಸದಿಯ ನೌಕರರಿಗೆ, ಪಾಠಶಾಲೆಯ ಮಕ್ಕಳಿಗೆ, ಸನ್ಮಾನಿತರಿಗೆ ಕೊಡುವ ಪಟ್ಟಿ, ಚೀಲಗಳನ್ನು ಹತ್ತಿ, ನಾರುಗಳಲ್ಲಿ ಹೆಣೆಯುವ ಕೆಲಸವನ್ನು ತೊಗಲಿನ ಕುಶಲಕರ್ಮಿಗಳಿಗೇ ಒಪ್ಪಿಸಿರಿ. ಮುಂಗಡ ಹಣ ಕೊಡಿ, ಚೌಕಾಸಿ ಮಾಡಬೇಡಿ, ಒಂದು ವರ್ಷವಲ್ಲ, ಪ್ರತಿ ವರ್ಷವೂ ಕೊಳ್ಳಿರಿ. ಮೂರನೆಯದಾಗಿ, ಪೂಜೆಯ ಮಡಿಗೆ ಶುದ್ಧವಾದ ಹತ್ತಿಯ ವಸ್ತ್ರವನ್ನೇ ವಿಧಿಸಿರಿ. ಕೃತಕ ಪೊರೆಯ ವಾದ್ಯಗಳನ್ನು ಪರೀಕ್ಷಿಸಿ ನೋಡಿರಿ. ನಾಲ್ಕನೆಯದಾಗಿ, ಸಿದ್ಧ ಉಡುಪು, ಚೀಲಗಳ ಅಂಗಡಿ ನಡೆಸುವ ನಮ್ಮ ವರ್ತಕ ಬಂಧುಗಳು ಪ್ರತಿ ವಸ್ತುವಿನ ಮೇಲೆ ಅದು ಯಾವುದರಿಂದಾದದ್ದೆಂದು ಬರೆದು ಮಾರುವ ನಿಯಮವನ್ನು ತಾವೇ ಹಾಕಿಕೊಳ್ಳಲಿ.

ಇದಕ್ಕೆ ಹಣವಿಲ್ಲವೆನ್ನುವ ಮಂಡಳಿಗಳು ತಮ್ಮ ವಾರ್ಷಿಕ ಆಯವ್ಯಯ ಪತ್ರವನ್ನು ಇನ್ನೊಮ್ಮೆ ನೋಡಲಿ. ಕಂಬದಹಳ್ಳಿಯ ಬಸದಿಯನ್ನೂ ಅರೆತಿಪ್ಪೂರಿನ ಬೆಟ್ಟದ ಬಿಂಬಗಳನ್ನೂ ಕಡೆದವರು ಕೈಕೆಲಸದವರೇ. ಅವರಿಗೆ ಕೆಲಸ ಕೊಟ್ಟವರು ಶ್ರಾವಕರೇ. ಶಿಲ್ಪಿಯ ಕೈಗೆ ಕಲ್ಲನ್ನು ಕೊಟ್ಟ ಸಮಾಜವು ಇಂದು ಹೆಣೆಯುವವನ ಕೈಗೆ ಹತ್ತಿಯ ಹುರಿಯನ್ನು ಕೊಡಲಾರದಷ್ಟು ಬಡವಾಗಿಲ್ಲ. ಬಸದಿಯ ಬಾಗಿಲಲ್ಲಿ ಬಿಚ್ಚಲು ಏನೂ ಇಲ್ಲದವನಾಗಿ ಬರುವ ಶ್ರಾವಕನಿಗೆ ಆ ಫಲಕದ ಅಗತ್ಯವೇ ಇರುವುದಿಲ್ಲ.