ಅಪ್‌ಡೇಟ್ ಬರಲಿ, ಆದರೆ ಏಕೆಂದು ಕನ್ನಡದಲ್ಲಿ ಹೇಳಲಿ!



ಬೆಳಿಗ್ಗೆ ಎದ್ದು ಮೊಬೈಲು ಕೈಗೆತ್ತಿಕೊಂಡರೆ ಸಾಕು, ಹತ್ತು ಹದಿನೈದು ಆಪ್‌ಗಳು ಅಪ್‌ಡೇಟ್ ಬೇಕೆಂದು ಸಾಲುಗಟ್ಟಿ ನಿಂತಿರುತ್ತವೆ. ಮೊನ್ನೆ ತಾನೇ ಮಾಡಿದ್ದೆವಲ್ಲ, ಮತ್ತೇನು ಇವುಗಳ ಗೋಳು ಎಂದು ನೀವು ಗೊಣಗುತ್ತೀರಿ. ನಮ್ಮ ಡೇಟಾ ಖಾಲಿ ಮಾಡಿಸುವ ಆಟ ಇದು ಎನ್ನುವವರಿದ್ದಾರೆ. ಹಳೇ ಫೋನು ಬಿಸಾಡಿಸಿ ಹೊಸದು ಕೊಳ್ಳಿಸುವ ಹುನ್ನಾರ ಎನ್ನುವವರೂ ಇದ್ದಾರೆ. ಅನುಮಾನ ಪಡುವುದು ತಪ್ಪಲ್ಲ. ಆದರೆ ಅನುಮಾನದ ಜೊತೆಗೆ ತಿಳಿವಳಿಕೆಯೂ ಬೇಕು. ಇಲ್ಲದಿದ್ದರೆ ಬೈಯಬೇಕಾದ ಕಡೆ ಸುಮ್ಮನಿದ್ದು, ಸುಮ್ಮನಿರಬೇಕಾದ ಕಡೆ ಬೈಯುತ್ತೇವೆ!

ನಾನು ಪ್ರೆಸ್ಸಿನವನು, ಕಸುಬಿನ ಮಾತಲ್ಲೇ ಹೇಳುತ್ತೇನೆ. ಒಂದು ಪುಸ್ತಕ ಮೆಷಿನ್ನಿನಿಂದ ಇಳಿದು, ಬೈಂಡಿಂಗ್ ಆಗಿ ಅಂಗಡಿ ಸೇರಿತೆಂದರೆ ಮುಗಿಯಿತು. ಒಳಗೆ ತಪ್ಪು ಉಳಿದಿದ್ದರೆ ತಿದ್ದುಪಡಿ ಚೀಟಿ ಅಂಟಿಸಬಹುದು, ಇಲ್ಲವೇ ಎರಡನೇ ಮುದ್ರಣಕ್ಕೆ ಕಾಯಬೇಕು. ಆಪ್ ಹಾಗಲ್ಲ. ಅದು ಎಂದೂ ಮೆಷಿನ್ನಿನಿಂದ ಇಳಿಯದ ಪುಸ್ತಕ. ಓದುಗನ ಕೈಯಲ್ಲಿರುವಾಗಲೇ ಪುಟ ಕಿತ್ತು ಬೇರೆ ಪುಟ ಹೊಲಿಯಬಹುದು. ಸಾವಿರಾರು ಮಾಡೆಲ್ಲಿನ ಫೋನುಗಳಲ್ಲಿ ಅದು ಓಡಬೇಕು. ಎಲ್ಲ ಫೋನಿನಲ್ಲೂ ಪ್ರೂಫ್ ನೋಡಿ ಬಿಡುತ್ತೇವೆಂದರೆ ಯಾರಿಂದಲೂ ಆಗದ ಕೆಲಸ. ಅದಕ್ಕೇ ಹೊಸ ಆವೃತ್ತಿಯನ್ನು ಎಷ್ಟೋ ಸಲ ಮೊದಲು ನೂರಕ್ಕೆ ಕೆಲವರಿಗೆ ಮಾತ್ರ ಬಿಟ್ಟು, ತೊಂದರೆ ಬಂತೇ ಎಂದು ನೋಡಿ, ಆಮೇಲೆ ಎಲ್ಲರಿಗೂ ಬಿಡುತ್ತಾರೆ. ತಪ್ಪು ಕಂಡರೆ ತಿದ್ದಿ ಮತ್ತೆ ಕಳಿಸುತ್ತಾರೆ. ಸಣ್ಣ ಸಣ್ಣ ಅಪ್‌ಡೇಟುಗಳು ಬರುವುದು ಹೀಗೆ.

ಎರಡನೆಯದು ಕಳ್ಳರ ಕಾಟ. 2019ರ ಮೇ ತಿಂಗಳಲ್ಲಿ ವಾಟ್ಸಾಪ್‌ನ ಕರೆ ವ್ಯವಸ್ಥೆಯಲ್ಲಿ ಒಂದು ಬಿರುಕು ಬಯಲಾಯಿತು. ಬಂದ ಕರೆಯನ್ನು ನೀವು ಎತ್ತದಿದ್ದರೂ ಸರಿ, ಪೆಗಾಸಸ್ ಎಂಬ ಬೇಹುಗಾರಿಕೆಯ ತಂತ್ರಾಂಶ ಫೋನಿನೊಳಗೆ ನುಗ್ಗಬಹುದಿತ್ತು. ಸುಮಾರು 1,400 ಮಂದಿಯ ಫೋನುಗಳಿಗೆ ಗುರಿಯಿಟ್ಟಿದ್ದರು, ಅವರಲ್ಲಿ ಭಾರತೀಯರೂ ಇದ್ದರು. ಮದ್ದು ಯಾವುದು? ಅಪ್‌ಡೇಟ್! ಇಂಥ ಬಿರುಕು ಬಯಲಾದ ಮೇಲೆ ಅಪ್‌ಡೇಟ್ ಮಾಡದೆ ಕೂತವನು, ಬೀಗ ಮುರಿದಿದೆಯೆಂದು ಊರಿಗೆಲ್ಲ ಗೊತ್ತಾದ ಮೇಲೂ ಹೊಸ ಬೀಗ ಹಾಕದೆ ಮಲಗಿದವನಿಗೆ ಸಮ.

ಮೂರನೆಯದು, ಆಪ್ ನಿಂತಿರುವ ನೆಲವೇ ಅಲುಗುತ್ತಿರುತ್ತದೆ. ಆಂಡ್ರಾಯ್ಡ್ ವರ್ಷಕ್ಕೊಮ್ಮೆಯಾದರೂ ಹೊಸ ಆವೃತ್ತಿ ತರುತ್ತದೆ, ಐಫೋನಿನದೂ ಅದೇ ಕಥೆ. ಅದಕ್ಕೆ ಹೊಂದಿಕೊಳ್ಳದ ಆಪ್ ಹಿಂದೆ ಬೀಳುತ್ತದೆ. 2017ರಲ್ಲಿ ಆಪಲ್ ಕಂಪನಿ ಐಓಎಸ್ 11 ತಂದಾಗ 32 ಬಿಟ್‌ನ ಹಳೇ ಆಪ್‌ಗಳು ಅದರಲ್ಲಿ ತೆರೆಯಲೇ ಇಲ್ಲ. ನಿಯಮ ಬದಲಾದಾಗಲೂ ಹಾಗೆಯೇ. 2025ರ ಆಗಸ್ಟ್ 1ರಿಂದ ಯುಪಿಐ ಆಪ್ ಒಂದರಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದೆಂಬ ಮಿತಿ ಬಂತು. ಇಂಥ ನಿಯಮ ಬಂದಾಗಲೆಲ್ಲ ಆಪ್ ನಡೆಸುವವರು ತಮ್ಮ ವ್ಯವಸ್ಥೆಯನ್ನು ತಿದ್ದಲೇಬೇಕು.

ಈಗ ನಮ್ಮ ಮನೆಯ ಮಾತಿಗೆ ಬನ್ನಿ. ಒಂದು ಕಾಲದಲ್ಲಿ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಸಂದೇಶ ಬಂದರೆ ಅಕ್ಷರದ ಬದಲು ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ತೆಲುಗು, ಮಲಯಾಳಂ ಜೊತೆಗೆ ಕನ್ನಡಕ್ಕೂ ಜಾಗ ಸಿಕ್ಕಿತು. ನಮ್ಮ ಅಕ್ಷರ ಆ ಫೋನುಗಳೊಳಗೆ ಕಾಲಿಟ್ಟಿದ್ದು ಹೊಸ ಆವೃತ್ತಿಯ ಬಾಗಿಲಿನಿಂದಲೇ!

ಇನ್ನೊಂದು ಕೇಳಿ. 2018ರ ಫೆಬ್ರವರಿಯಲ್ಲಿ ನೆರೆಯ ತೆಲುಗಿನ ಒಂದೇ ಒಂದು ಒತ್ತಕ್ಷರ ಐಫೋನುಗಳನ್ನು ಮಕಾಡೆ ಮಲಗಿಸಿತು. ಅದಿದ್ದ ಸಂದೇಶ ಬಂದರೆ ಆಪ್ ಮುಚ್ಚಿಕೊಳ್ಳುತ್ತಿತ್ತು. ಆಪಲ್‌ನವರು ಅದೇ ತಿಂಗಳ 19ರಂದು 11.2.6 ಆವೃತ್ತಿ ಬಿಟ್ಟು ಸರಿಪಡಿಸಿದರು. ಇಂಗ್ಲಿಷಿನ ಎ ಬಿ ಸಿ ಡಿ ಬರೆದು ಫೋನು ನಿಂತುಹೋದರೆ ಆ ಫೋನು ಕಾರ್ಖಾನೆಯ ಬಾಗಿಲನ್ನೇ ದಾಟುವುದಿಲ್ಲ. ನಮ್ಮ ಒತ್ತಕ್ಷರಗಳ ಪ್ರೂಫ್ ನೋಡುವ ಸರದಿ ಕೊನೆಗೆ ಬರುತ್ತದೆ. ಆದ್ದರಿಂದ ಅಪ್‌ಡೇಟ್ ಇಂಗ್ಲಿಷಿನವನಿಗಿಂತ ನಮಗೇ ಹೆಚ್ಚು ಬೇಕು.

ಹಾಗಾದರೆ ಬಂದದ್ದಕ್ಕೆಲ್ಲ ತಲೆದೂಗಬೇಕೇ? ಖಂಡಿತ ಇಲ್ಲ! ತಿದ್ದುಪಡಿಯ ಹೆಸರಲ್ಲಿ ಜಾಹೀರಾತು ತುರುಕುವವರಿದ್ದಾರೆ. ನಿಮ್ಮ ಫೋನ್ ನಂಬರುಗಳ ಪಟ್ಟಿ, ನೀವಿರುವ ಜಾಗ ಎಲ್ಲಕ್ಕೂ ಹೊಸದಾಗಿ ಅನುಮತಿ ಕೇಳುವವರಿದ್ದಾರೆ. ಏನು ಬದಲಾಯಿಸಿದಿರಿ ಸ್ವಾಮಿ ಎಂದು ಕೇಳಿದರೆ ಉತ್ತರವಾಗಿ ಇಂಗ್ಲಿಷಿನಲ್ಲಿ ಒಂದೇ ಸಾಲು: ದೋಷ ತಿದ್ದಿದ್ದೇವೆ, ಆಪ್ ಚುರುಕಾಗಿದೆ. ಯಾವ ದೋಷ? ಯಾರಿಗೆ ಚುರುಕು?

ಕನ್ನಡದಲ್ಲಿ ಹೇಳಲು ಅಡ್ಡಿಯೇನಾದರೂ ಇದೆಯೇ? ಇಲ್ಲ! ಹೊಸ ಆವೃತ್ತಿಯಲ್ಲಿ ಏನಿದೆಯೆಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬರೆಯಲು ಪ್ಲೇ ಸ್ಟೋರ್ ಅವಕಾಶ ಕೊಟ್ಟಿದೆ. ಭಾಷೆಯೊಂದಕ್ಕೆ 500 ಅಕ್ಷರಗಳ ಜಾಗ. ನಮ್ಮ ಪ್ರೆಸ್ಸಿಗೆ ಬರುವ ಮದುವೆ ಕಾಗದದಷ್ಟು ಮ್ಯಾಟರು! ಬೆಂಗಳೂರಿನಲ್ಲಿ ಆಫೀಸು ಕಟ್ಟಿಕೊಂಡು, ಕನ್ನಡಿಗರ ಜೇಬಿನಿಂದ ವ್ಯಾಪಾರ ಮಾಡುವ ಕಂಪನಿಗಳಿಗೆ ಇಷ್ಟು ಬರೆಸಲು ಒಬ್ಬ ಕನ್ನಡಿಗ ಸಿಗುವುದಿಲ್ಲವೇ?

ಇದು ಬರೀ ಅಭಿಮಾನದ ಮಾತಲ್ಲ, ಗೆಳೆಯರೇ. ಓದಲಾಗದ ಭಾಷೆಯಲ್ಲಿ ಬಂದದ್ದಕ್ಕೆಲ್ಲ ಓಕೆ ಒತ್ತುವುದನ್ನು ನಮ್ಮ ಅಪ್ಪ ಅಮ್ಮಂದಿರು ಅಭ್ಯಾಸ ಮಾಡಿಕೊಂಡಿದ್ದಾರೆ. ಆ ಅಭ್ಯಾಸವೇ ಕಳ್ಳರ ಬಂಡವಾಳ. ಬ್ಯಾಂಕಿನ ಆಪ್ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಖಾತೆ ನಿಲ್ಲುತ್ತದೆ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲು ಬರುತ್ತದೆ. ಒತ್ತಿದರೆ ಓಟಿಪಿ ಕಳ್ಳನ ಕೈಗೆ, ಹಣ ಮಾಯ! ಅಸಲಿಯೂ ಇಂಗ್ಲಿಷ್, ನಕಲಿಯೂ ಇಂಗ್ಲಿಷ್ ಆದರೆ ಅವರು ಯಾವುದನ್ನು ನಂಬಬೇಕು?

ಆದ್ದರಿಂದ ತರುಣರೇ, ಇವತ್ತೇ ಮೂರು ಕೆಲಸ ಮಾಡಿ. ಮನೆಯವರ ಫೋನು ತೆಗೆದುಕೊಂಡು, ಪ್ಲೇ ಸ್ಟೋರ್‌ನಿಂದ ಮಾತ್ರ, ವೈಫೈ ಸಿಕ್ಕಾಗ ತಾನೇ ಅಪ್‌ಡೇಟ್ ಆಗುವಂತೆ ಇಟ್ಟುಕೊಡಿ. ಲಿಂಕಿನಲ್ಲಿ ಬಂದ ಯಾವ ಅಪ್‌ಡೇಟನ್ನೂ ಮುಟ್ಟಬೇಡಿ ಎಂದು ಹೇಳಿ, ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಲು ಕಲಿಸಿ. ಮೂರನೆಯದು, ನೀವು ಬಳಸುವ ಪ್ರತಿಯೊಂದು ಆಪ್‌ನ ಅಭಿಪ್ರಾಯದ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: ಏನು ಬದಲಾಯಿಸಿದಿರೆಂದು ನಮ್ಮ ಭಾಷೆಯಲ್ಲಿ ಹೇಳಿ! ಒಬ್ಬ ಬರೆದರೆ ಕಸದ ಬುಟ್ಟಿ ಸೇರೀತು. ಹತ್ತು ಸಾವಿರ ಮಂದಿ ಬರೆದರೆ ಮುಂದಿನ ಅಪ್‌ಡೇಟ್ ಕನ್ನಡದಲ್ಲಿ ಬರುತ್ತದೆ.